ಮೆರೂನ್ ಟೋಪಿ ಮತ್ತು ಮೂರು ಬಗೆಯ ತಪಸ್ಸು

ಭಾರತೀಯ ಭೂಸೇನೆಯ ಪ್ಯಾರಾಚೂಟ್ ರೆಜಿಮೆಂಟಿನೊಳಗೆ ಪ್ಯಾರಾ ಎಸ್‌ಎಫ್ ಎಂದು ಕರೆಯಲಾಗುವ ವಿಶೇಷ ಪಡೆಯ ಬಟಾಲಿಯನ್‌ಗಳಿಗೆ ಯಾವ ಸೈನಿಕನನ್ನೂ ಬಲವಂತವಾಗಿ ಕಳುಹಿಸುವುದಿಲ್ಲ. ಹೋಗಬಯಸುವವನು ತಾನಾಗಿಯೇ ಹೆಸರು ಕೊಡಬೇಕು, ಆಮೇಲೆ ಪ್ರೊಬೇಷನ್ ಎಂಬ ಪರೀಕ್ಷಾವಧಿಯನ್ನು ಆ ಬಟಾಲಿಯನ್ನಿನ ಹಳಬರ ಕಣ್ಣೆದುರಿಗೇ ದಾಟಬೇಕು. 1965ರ ಯುದ್ಧದಲ್ಲಿ ಮೇಜರ್ ಮೇಘಸಿಂಗ್ ಸ್ವಯಂಪ್ರೇರಿತರನ್ನು ಕೂಡಿಸಿ ಕಟ್ಟಿದ ಮೇಘದೂತ ಪಡೆಯಿಂದ ಮೊಳೆತು, ಮರುವರ್ಷ 9ನೆಯ ಪ್ಯಾರಾ ಕಮಾಂಡೋ ಬಟಾಲಿಯನ್ನಾಗಿ ರೂಪ ತಾಳಿದ ಈ ಪರಂಪರೆಯಲ್ಲಿ ಪ್ರೊಬೇಷನ್ನಿನ ಕಾಠಿಣ್ಯ ಹೆಸರುವಾಸಿಯಾದದ್ದು: ಬೆನ್ನ ಮೇಲಿನ ಹೊರೆ, ಹತ್ತಾರು ಕಿಲೋಮೀಟರುಗಳ ನಡಿಗೆ, ನಿದ್ದೆಗೇಡು, ಹಸಿವು, ದಣಿದ ಹೊತ್ತಿನಲ್ಲೇ ಕೊಡುವ ಲೆಕ್ಕಾಚಾರದ ಕೆಲಸ, ಇವೆಲ್ಲದರ ನಡುವೆ ಯಾವ ಗಳಿಗೆಯಲ್ಲಾದರೂ ಸಾಕೆಂದು ಹೇಳಿ ಹಳೆಯ ಯುನಿಟ್ಟಿಗೆ ಮರಳುವ ಅವಕಾಶ. ಹೋದವರಲ್ಲಿ ಬಹುಪಾಲು ಮಂದಿ ಮರಳುತ್ತಾರೆ. ಉಳಿದವರು ಆಗ್ರಾದ ಶಾಲೆಯಲ್ಲಿ, ಒಂದು ರಾತ್ರಿಯ ಜಿಗಿತವೂ ಸೇರಿ, ಐದು ಬಾರಿ ವಿಮಾನದಿಂದ ಧುಮುಕಿ ಪ್ಯಾರಾ ರೆಕ್ಕೆಯ ಗುರುತು ಪಡೆಯುತ್ತಾರೆ. ಈ ರೆಜಿಮೆಂಟಿನ ತರಬೇತಿ ಕೇಂದ್ರ ಬೆಂಗಳೂರಿನಲ್ಲೇ ಇರುವುದರಿಂದ ಮೆರೂನ್ ಬಣ್ಣದ ಟೋಪಿ ಕನ್ನಡನಾಡಿನ ಯುವಕರಿಗೆ ಅಪರಿಚಿತವಲ್ಲ. ಆ ಟೋಪಿಯನ್ನು ಬಯಸುವುದು ಎಂಥ ಬಯಕೆ, ಧರ್ಮಶಾಸ್ತ್ರದ ಕಣ್ಣಿನಲ್ಲಿ ಅದು ಸಾಧನೆಯೋ ಅಥವಾ ಸಾಧನೆಯ ವೇಷ ತೊಟ್ಟ ಅಹಂಕಾರವೋ ಎಂಬ ಪ್ರಶ್ನೆಗೆ ಮಾತ್ರ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಈ ಪ್ರಶ್ನೆಯನ್ನು ತ್ಯಾಗದ ಮಾತಿನಿಂದ ಮುಗಿಸಿಬಿಡುವುದು ರೂಢಿ. ಆದರೆ ಸೇನೆ ಸೇರುವ ಪ್ರತಿಯೊಬ್ಬನೂ ತರಬೇತಿಯ ಕೊನೆಗೆ ಕಸಂ ಪರೇಡ್ ಎಂಬ ಪ್ರಮಾಣವಚನದ ಕವಾಯತಿನಲ್ಲಿ, ತನ್ನ ಮತದ ಪವಿತ್ರಗ್ರಂಥದ ಸಾಕ್ಷಿಯಾಗಿ, ಸಂವಿಧಾನಕ್ಕೆ ನಿಷ್ಠನಾಗಿರುವೆನೆಂದೂ, ನೆಲ, ಜಲ, ಆಕಾಶಗಳಲ್ಲಿ ಯಾವ ಮಾರ್ಗವಾಗಿ ಎಲ್ಲಿಗೆ ಕಳುಹಿಸಿದರೂ ಹೋಗುವೆನೆಂದೂ, ಪ್ರಾಣಕ್ಕೆ ಅಪಾಯವಿದ್ದರೂ ಆಜ್ಞೆಯನ್ನು ಪಾಲಿಸುವೆನೆಂದೂ ಆಣೆಯಿಡುತ್ತಾನೆ. ಲಾರಿ ನಡೆಸುವವನೂ ಅಡುಗೆ ಮಾಡುವವನೂ ಇದೇ ಆಣೆಯನ್ನಿಟ್ಟವರು. ಪ್ರಾಣಕ್ಕಿಂತ ಹೆಚ್ಚಿನದನ್ನು ಕೊಡುವುದು ಯಾರಿಗೂ ಸಾಧ್ಯವಿಲ್ಲವಾದ್ದರಿಂದ, ವಿಶೇಷ ಪಡೆಗೆ ಹೆಸರು ಕೊಡುವ ತರುಣ ತನ್ನ ತ್ಯಾಗಕ್ಕೆ ಹೊಸದೇನನ್ನೂ ಸೇರಿಸುತ್ತಿಲ್ಲ. ವಿಶೇಷ ಪಡೆಯವರಷ್ಟೇ ಧರಿಸಬಹುದಾದ, ಕೆಳಮುಖವಾದ ಕಠಾರಿಯೂ ರೆಕ್ಕೆಗಳೂ ಇರುವ ಲಾಂಛನದ ಮೇಲೆ ‘ಬಲಿದಾನ’ ಎಂಬ ಪದವಿದ್ದರೂ, ಬಲಿದಾನದ ಒಪ್ಪಿಗೆ ಸಾಧಾರಣ ಕಾಲಾಳು ಮೊದಲ ವರ್ಷವೇ ಕೊಟ್ಟದ್ದು. ಹಾಗಾದರೆ ಆತ ಹೊಸದಾಗಿ ಬಯಸುತ್ತಿರುವುದು ಎರಡನ್ನು ಮಾತ್ರ: ಹೆಚ್ಚಿನ ಕೌಶಲವನ್ನು ಮತ್ತು ಆಯ್ದವರ ಸಾಲಿನಲ್ಲಿ ನಿಲ್ಲುವ ಮನ್ನಣೆಯನ್ನು. ಧಾರ್ಮಿಕ ವಿಚಾರ ತೊಡಗಬೇಕಾದದ್ದು ಇಲ್ಲಿಂದ.

ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ತಪಸ್ಸನ್ನು, ಅಂದರೆ ಒಂದು ಗುರಿಗಾಗಿ ದೇಹ, ಮಾತು, ಮನಸ್ಸುಗಳನ್ನು ತಾನಾಗಿ ಬಿಗಿಹಿಡಿದು ಕಷ್ಟಕ್ಕೊಡ್ಡುವ ಸಾಧನೆಯನ್ನು, ಗುಣಗಳ ಆಧಾರದ ಮೇಲೆ ಮೂರಾಗಿ ವಿಂಗಡಿಸುತ್ತದೆ. ಫಲದ ಆಸೆಯಿಲ್ಲದೆ ಶ್ರದ್ಧೆಯಿಂದ ಮಾಡಿದ್ದು ಸಾತ್ತ್ವಿಕ. ಸತ್ಕಾರ, ಮಾನ, ಪೂಜೆಗಳಿಗಾಗಿ ಆಡಂಬರದಿಂದ ಮಾಡಿದ್ದು ರಾಜಸ, ಅದು ಚಂಚಲ, ಬಾಳಿಕೆಯಿಲ್ಲದ್ದು. ಮೂಢ ಹಟದಿಂದ ತನ್ನನ್ನೇ ಪೀಡಿಸಿಕೊಂಡು ಅಥವಾ ಇನ್ನೊಬ್ಬರ ನಾಶಕ್ಕಾಗಿ ಮಾಡಿದ್ದು ತಾಮಸ. ಪ್ರೊಬೇಷನ್ನಿನ ಹೊರರೂಪ ಮೂರರಲ್ಲಿ ಯಾವುದಕ್ಕೂ ಸಲ್ಲುವಂಥದ್ದು. ಒಂದೇ ಕಡಿದಾದ ದಾರಿಯಲ್ಲಿ ಒಂದೇ ತೂಕ ಹೊತ್ತು ಏರುತ್ತಿರುವ ಮೂವರಲ್ಲಿ ಒಬ್ಬನ ನಡಿಗೆ ಸಾತ್ತ್ವಿಕವೂ ಇನ್ನೊಬ್ಬನದು ರಾಜಸವೂ ಮತ್ತೊಬ್ಬನದು ತಾಮಸವೂ ಆಗಿರಬಹುದು, ಗಡಿಯಾರ ಹಿಡಿದು ನಿಂತ ಉಸ್ತಾದನಿಗೆ, ಅಂದರೆ ತರಬೇತಿ ಕೊಡುವ ಹಳಬನಿಗೆ, ಮೂವರೂ ಒಂದೇ ಹೊತ್ತಿಗೆ ತಲುಪಿದವರಾಗಿ ಕಾಣಬಹುದು. ಲಾಂಛನ ದೊರೆತ ಮೇಲೆ ರಮ್ ಕುಡಿದು, ಆ ಗಾಜಿನ ಲೋಟದ ಅಂಚನ್ನೇ ಕಚ್ಚಿ ಅಗಿಯುವ ಸಂಪ್ರದಾಯವೊಂದು ಈ ಪಡೆಯಲ್ಲಿದೆಯೆಂದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ವರದಿಯಾಗಿದೆ. ಶಾಸ್ತ್ರದಲ್ಲಿ ಹೇಳದ ಘೋರ ಆಚರಣೆಗಳಿಂದ ದೇಹವನ್ನು ಹಿಂಸಿಸುವವರ ಬಗ್ಗೆ ಅದೇ ಅಧ್ಯಾಯದ ಮೊದಲ ಭಾಗ ಆಡುವ ಕಟುವಾದ ಮಾತು ಅಂಥ ಆಚರಣೆಗೆ ಅನ್ವಯಿಸುವುದಿಲ್ಲವೆಂದು ಸಾಧಿಸುವುದು ಕಷ್ಟ. ರಾಜಸದ ಸೆಳೆತವಂತೂ ಬಟಾಲಿಯನ್ನಿನ ಆಚೆಗೂ ಹಬ್ಬಿದೆ: 2019ರ ವಿಶ್ವಕಪ್ಪಿನಲ್ಲಿ, ಈ ರೆಜಿಮೆಂಟಿನ ಗೌರವ ಲೆಫ್ಟಿನೆಂಟ್ ಕರ್ನಲ್ ಆಗಿರುವ ಮಹೇಂದ್ರ ಸಿಂಗ್ ಧೋನಿ ಅವರ ಕೈಗವಸಿನ ಮೇಲೆ ಕಾಣಿಸಿದ ಬಲಿದಾನದ ಗುರುತನ್ನು ಐಸಿಸಿ ತೆಗೆಸಿದಾಗ ದೇಶದಲ್ಲಿ ಎದ್ದ ಕೋಲಾಹಲ, ಒಂದು ಗುರುತು ಅದನ್ನು ಗಳಿಸುವ ಕಷ್ಟವನ್ನು ಬಿಟ್ಟು ತನ್ನಷ್ಟಕ್ಕೇ ಪೂಜ್ಯವಾಗುವುದು ಹೇಗೆಂಬುದನ್ನು ತೋರಿಸಿಕೊಟ್ಟಿತು.

ಇದಕ್ಕಿಂತ ತೊಡಕಾದದ್ದು ತಾಮಸದ ಲಕ್ಷಣದಲ್ಲಿರುವ ಎರಡನೆಯ ತುಂಡು. ಇನ್ನೊಬ್ಬರ ನಾಶಕ್ಕಾಗಿ ಮಾಡುವ ತಪಸ್ಸೆಲ್ಲ ತಾಮಸವೆಂದು ಅಕ್ಷರಶಃ ತೆಗೆದುಕೊಂಡರೆ ಸೈನಿಕನ ತರಬೇತಿಯೆಲ್ಲವೂ, ಗೀತೆಯನ್ನು ಕೇಳಿಸಿಕೊಂಡ ಅರ್ಜುನನ ಅಸ್ತ್ರಸಾಧನೆಯೂ ಸೇರಿ, ಆ ಗುಂಪಿಗೆ ಬೀಳುತ್ತದೆ. ಆದರೆ ಮುಂದಿನ ಅಧ್ಯಾಯ ಕ್ಷತ್ರಿಯನ ಸಹಜ ಕರ್ಮಗಳನ್ನು ಎಣಿಸುವಾಗ ಶೌರ್ಯ, ಧೃತಿಗಳ ಜೊತೆಗೆ ದಾಕ್ಷ್ಯವನ್ನೂ, ಅಂದರೆ ಎದುರಾದ ಸನ್ನಿವೇಶದಲ್ಲಿ ತಡವರಿಸದೆ ಕೆಲಸ ಮಾಡುವ ಜಾಣ್ಮೆಯನ್ನೂ, ಹೇಳುವುದರಿಂದ ಅಕ್ಷರಶಃ ಓದು ನಿಲ್ಲುವುದಿಲ್ಲ. ಒಂದು ಸಮಾಧಾನವನ್ನು ಹೀಗೆ ಹೇಳಬಹುದು: ತಾಮಸ ತಪಸ್ವಿಯ ಕಣ್ಣಲ್ಲಿ ನಾಶವಾಗಬೇಕಾದ ಒಬ್ಬ ನಿರ್ದಿಷ್ಟ ವ್ಯಕ್ತಿಯಿರುತ್ತಾನೆ, ಆ ದ್ವೇಷವೇ ಅವನನ್ನು ನಡೆಸುತ್ತದೆ, ಪ್ರೊಬೇಷನ್ನಿನಲ್ಲಿರುವ ತರುಣನಿಗೆ ಮುಂದೆ ತನ್ನೆದುರು ನಿಲ್ಲುವವರು ಯಾರೆಂಬುದೇ ತಿಳಿಯದು, ಅವನು ಕಲಿಯುತ್ತಿರುವುದು ಒಂದು ವಿದ್ಯೆಯನ್ನು. ಈ ಸಮಾಧಾನ ಅರ್ಧ ಮಾತ್ರ ಸರಿ. ವಿದ್ಯೆ ಯಾರ ಮೇಲೆ, ಯಾರ ಮಾತಿನಂತೆ ಪ್ರಯೋಗವಾದೀತು ಎಂಬುದನ್ನು ತಿಳಿಯದಿರುವುದು ಕಲಿಯುವವನನ್ನು ದ್ವೇಷದಿಂದ ಪಾರುಮಾಡಬಹುದು, ಹೊಣೆಯಿಂದ ಪಾರುಮಾಡಲಾರದು.

ಸಹನೆಯನ್ನು ಯೋಗ್ಯತೆಯ ಅಳತೆಗೋಲಾಗಿಸುವುದರಲ್ಲಿರುವ ಅಪಾಯವನ್ನು ಮಹಾಭಾರತದ ಕರ್ಣನ ಪ್ರಸಂಗ ನಿರ್ದಯವಾಗಿ ಬಿಚ್ಚಿಡುತ್ತದೆ. ಹುಟ್ಟಿನ ಕಾರಣದಿಂದ ಶ್ರೇಷ್ಠರ ಸಾಲಿಗೆ ಸಲ್ಲದವನೆನಿಸಿಕೊಂಡ ಅವನು ಬ್ರಾಹ್ಮಣನೆಂದು ಸುಳ್ಳು ಹೇಳಿ ಪರಶುರಾಮನಲ್ಲಿ ಅಸ್ತ್ರ ಕಲಿಯುತ್ತಾನೆ. ಗುರು ತನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿರುವಾಗ ಹುಳುವೊಂದು ತೊಡೆಯನ್ನು ಕೊರೆದರೂ, ರಕ್ತ ಹರಿದರೂ, ಕದಲುವುದಿಲ್ಲ. ಎಚ್ಚರಗೊಂಡ ಗುರು ಆ ಸಹನೆಯನ್ನು ಮೆಚ್ಚುವ ಬದಲು, ಇಂಥ ನೋವನ್ನು ತಡೆದುಕೊಂಡವನು ಬ್ರಾಹ್ಮಣನಾಗಿರಲಾರನೆಂದು ಗುರುತಿಸಿ ಶಪಿಸುತ್ತಾನೆ. ಪರೀಕ್ಷೆಯಲ್ಲಿ ಕರ್ಣ ಗೆದ್ದದ್ದೂ ಅವನಿಗೆ ಶಾಪ ತಗುಲಿದ್ದೂ ಒಂದೇ ಗಳಿಗೆಯಲ್ಲಿ, ಒಂದೇ ಕಾರಣದಿಂದ. ಇಂದಿನ ಆಯ್ಕೆಯಲ್ಲಿ ಹುಟ್ಟನ್ನು ಕೇಳುವುದಿಲ್ಲ, ಅದು ನಿಜವಾದ ಪ್ರಗತಿ. ಆದರೂ ನೋವನ್ನು ತಡೆಯುವ ಶಕ್ತಿ ತಡೆಯುವವನ ಒಳಗಿನ ಸತ್ಯದ ಬಗ್ಗೆ ಏನನ್ನೂ ಖಾತ್ರಿಪಡಿಸುವುದಿಲ್ಲವೆಂಬ ಎಚ್ಚರ ಇಂದಿಗೂ ಸಲ್ಲುತ್ತದೆ.

ಕನ್ನಡನಾಡಿಗೆ ಇನ್ನೂ ಹತ್ತಿರದ ಉದಾಹರಣೆ ಬಾಹುಬಲಿಯದು, ಮತ್ತು ಅದನ್ನು ಕಲ್ಲಿನಲ್ಲಿ ನಿಲ್ಲಿಸಿದವನು ಒಬ್ಬ ಸೈನಿಕನೆಂಬುದನ್ನು ಮರೆಯಬಾರದು. ಗಂಗರ ದಂಡನಾಯಕನೂ ಮಂತ್ರಿಯೂ ಆಗಿದ್ದ ಚಾವುಂಡರಾಯ ಸುಮಾರು 981ರಲ್ಲಿ ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ಸುಮಾರು 58 ಅಡಿಯ ಏಕಶಿಲಾ ವಿಗ್ರಹವನ್ನು ಮಾಡಿಸಿದ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಅಣ್ಣ ಭರತನನ್ನು ಗೆದ್ದೂ ರಾಜ್ಯವನ್ನು ಬಿಟ್ಟು ಹೋದ ಬಾಹುಬಲಿ ಕಾಯೋತ್ಸರ್ಗದಲ್ಲಿ, ಅಂದರೆ ದೇಹದ ಮಮತೆ ತೊರೆದು ಅಲುಗದೆ ನಿಲ್ಲುವ ಧ್ಯಾನಭಂಗಿಯಲ್ಲಿ, ಒಂದು ವರ್ಷ ನಿಂತ. ಬಳ್ಳಿಗಳು ತೊಡೆ ತೋಳುಗಳನ್ನು ಹಬ್ಬಿದವು, ಕಾಲ ಬಳಿ ಹುತ್ತ ಬೆಳೆಯಿತು. ಮನುಷ್ಯದೇಹ ದಾಟಬಹುದಾದ ಪರೀಕ್ಷೆಗಳಲ್ಲಿ ಇದಕ್ಕಿಂತ ದೊಡ್ಡದನ್ನು ಕಲ್ಪಿಸುವುದು ಕಷ್ಟ, ಆದರೂ ಅವನಿಗೆ ಕೇವಲಜ್ಞಾನ, ಅಂದರೆ ಪರಿಪೂರ್ಣ ಅರಿವು, ದೊರೆಯಲಿಲ್ಲ. ಮನಸ್ಸಿನ ಮೂಲೆಯಲ್ಲಿ ಒಂದು ಶಲ್ಯ, ಮುಳ್ಳಿನಂತೆ ನೆಟ್ಟ ಒಂದು ಸಣ್ಣ ಭಾವ, ಉಳಿದಿತ್ತು. ಅಣ್ಣನಿಗೆ ತನ್ನಿಂದ ನೋವಾಯಿತೆಂಬ, ಅವನ ನೆಲದ ಮೇಲೆ ನಿಂತಿರುವೆನೆಂಬ ಕೊರಗು ಅದೆಂದು ದಿಗಂಬರ ಪರಂಪರೆಯೂ, ಅಭಿಮಾನವೆಂದು ಶ್ವೇತಾಂಬರ ಪರಂಪರೆಯೂ ಹೇಳುತ್ತವೆ. ಮೊದಲನೆಯದರಲ್ಲಿ ಭರತನೇ ಬಂದು ಪೂಜಿಸಿದಾಗ, ಎರಡನೆಯದರಲ್ಲಿ ಸೋದರಿಯರಾದ ಬ್ರಾಹ್ಮಿ ಮತ್ತು ಸುಂದರಿಯರು ಬಂದು ಎಚ್ಚರಿಸಿದಾಗ ಆ ಮುಳ್ಳು ಕಳಚುತ್ತದೆ. ಎರಡೂ ಕಥನಗಳು ಒಂದು ವಿಷಯದಲ್ಲಿ ಒಪ್ಪುತ್ತವೆ: ಒಂದು ವರ್ಷದ ಸಹನೆ ಮಾಡಲಾಗದ ಕೆಲಸವನ್ನು ಹೊರಗಿನವರೊಬ್ಬರ ನಡೆನುಡಿ ಮಾಡಿತು. ವಿಗ್ರಹವನ್ನು ನಿಲ್ಲಿಸಿದ ದಂಡನಾಯಕನನ್ನೂ ಸ್ಥಳದ ಐತಿಹ್ಯ ಸುಮ್ಮನೆ ಬಿಟ್ಟಿಲ್ಲ. ಅವನು ಗರ್ವದಿಂದ ಮಾಡಿಸಿದ ಅಭಿಷೇಕದ ಹಾಲು ವಿಗ್ರಹದ ಪಾದ ಮುಟ್ಟದೆ ನಿಂತುಹೋಯಿತೆಂದೂ, ಗುಳ್ಳಕಾಯಿಯಲ್ಲಿ ಒಂದಿಷ್ಟು ಹಾಲು ತಂದ ಮುದುಕಿ ಎರೆದಾಗ ಮಾತ್ರ ಅಡಿಯವರೆಗೆ ಹರಿಯಿತೆಂದೂ ಹೇಳುವ ಆ ಐತಿಹ್ಯದ ಗುಳ್ಳಕಾಯಜ್ಜಿ ಇಂದಿಗೂ ಗೊಮ್ಮಟನಿಗೆ ಎದುರಾಗಿಯೇ ನಿಂತಿದ್ದಾಳೆ.

ಚಾವುಂಡರಾಯನಂಥ ಜೈನ ಸೇನಾನಿಗಳು ಅಹಿಂಸೆಯನ್ನೂ ಕತ್ತಿಯನ್ನೂ ಹೊಂದಿಸಿಕೊಂಡದ್ದಕ್ಕೆ ಆಧಾರವಾಗಿ ಹೇಳುವ ವಿಂಗಡಣೆಯೊಂದಿದೆ. ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆಯನ್ನು ಶ್ರಾವಕ, ಅಂದರೆ ಗೃಹಸ್ಥ ಜೈನ, ಪೂರ್ತಿಯಾಗಿ ಬಿಡಬೇಕು. ಮನೆವಾರ್ತೆ ಮತ್ತು ಕಸುಬುಗಳಲ್ಲಿ ಆಗುವ ಹಿಂಸೆಯಂತೆ, ಆಕ್ರಮಣವನ್ನು ತಡೆಯುವಾಗ ಆಗುವ ವಿರೋಧೀ ಹಿಂಸೆಯೂ ಅವನಿಗೆ ಅನಿವಾರ್ಯವಾಗಬಹುದು. ವಿಶೇಷ ಪಡೆಯ ಕೆಲಸ ಈ ಗೆರೆಯ ಮೇಲೆಯೇ ನಿಂತಿದೆ. 2016ರ ಸೆಪ್ಟೆಂಬರಿನಲ್ಲಿ ಗಡಿ ನಿಯಂತ್ರಣ ರೇಖೆಯನ್ನು ದಾಟಿ ನಡೆದ ದಾಳಿಯಂಥದ್ದು ರಾಷ್ಟ್ರದ ದೃಷ್ಟಿಯಲ್ಲಿ ಪ್ರತಿರೋಧವೇ ಆಗಿದ್ದರೂ, ದಾಟಿಹೋದ ಸೈನಿಕನ ದೃಷ್ಟಿಯಲ್ಲಿ ಜಾಗವನ್ನೂ ಹೊತ್ತನ್ನೂ ಮೊದಲೇ ಗೊತ್ತುಮಾಡಿಕೊಂಡ ಕೃತ್ಯ. ಸಂಕಲ್ಪ ದೆಹಲಿಯದು, ಕೈ ಮಾತ್ರ ತನ್ನದು ಎಂದು ಅವನು ಹೇಳಬಹುದು; ಆದರೆ ಆ ಕೈಯನ್ನು ಅಷ್ಟು ಹರಿತಗೊಳಿಸಿಕೊಳ್ಳಲು ಯಾರ ಆಜ್ಞೆಯೂ ಇಲ್ಲದೆ ತಾನೇ ಮುಂದೆ ಬಂದವನು ಅವನು. ಸ್ವಇಚ್ಛೆಯಿಂದ ಬಂದವನಿಗೆ ಹೊಣೆ ಕಡಮೆಯಾಗುವುದಿಲ್ಲ, ಹೆಚ್ಚುತ್ತದೆ ಎಂಬುದೇ ಸರಿಯಾದ ನಿಲುವು.

ಆಯ್ದವರ ಪಡೆ ತನ್ನ ನಿಷ್ಠೆಯನ್ನು ಎಲ್ಲಿಗೆ ಕಟ್ಟುತ್ತದೆ ಎಂಬುದಕ್ಕೂ ಹಳೆಯ ಕರ್ನಾಟಕ ಒಂದು ಕಠೋರ ಮಾದರಿಯನ್ನು ಬಿಟ್ಟುಹೋಗಿದೆ. ಹೊಯ್ಸಳರ ಗರುಡರು ಅರಸನ ಮೈಗಾವಲಿನವರು, ಅವನೊಡನೆ ಸಾಯುವ ವ್ರತ ತೊಟ್ಟವರು; 1220ರಲ್ಲಿ ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಕುವರ ಲಕ್ಷ್ಮ ತನ್ನ ಹೆಂಡತಿ ಸುಗ್ಗಲದೇವಿ ಮತ್ತು ಸಂಗಡಿಗರೊಂದಿಗೆ ಪ್ರಾಣ ಕೊಟ್ಟದ್ದನ್ನು ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ಬಳಿಯ ಕಂಬ ಸಾರುತ್ತದೆ. ಆ ಸಾವಿನಿಂದ ಯಾವ ಊರೂ ಉಳಿಯಲಿಲ್ಲ, ಯಾವ ಕೋಟೆಯೂ ಕೈಸೇರಲಿಲ್ಲ. ಇಂದಿನ ಸೈನಿಕ ಆಣೆಯಿಡುವುದು ವ್ಯಕ್ತಿಗಲ್ಲ, ಸಂವಿಧಾನಕ್ಕೆ. ಸಂವಿಧಾನ ತನ್ನೊಡನೆ ಸಾಯುವವರನ್ನು ಕೇಳುವುದಿಲ್ಲ, ಮತ್ತು ವಿಶೇಷ ಪಡೆಯ ತರಬೇತಿಯ ಬಹುಭಾಗ ಹೋಗಿ ಕೆಲಸ ಮುಗಿಸಿ ಜೀವಂತ ಹಿಂತಿರುಗುವ ವಿದ್ಯೆ.

ಆಯ್ಕೆಯಾಗದೆ ಮರಳಿದವನ ಸ್ಥಾನವೇನೆಂಬುದು ಉಳಿದಿರುವ ಪ್ರಶ್ನೆ. ಅವನನ್ನು ಎರಡನೆಯ ದರ್ಜೆಯವನೆಂದು ಕಾಣುವುದು ತಪ್ಪೆಂದು ತೋರಿಸಲು ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಹೆಸರು ಸಾಕು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಮಂದಿ ಹೂತುಹೋದಾಗ, ಹಲವು ದಿನಗಳ ನಂತರ ಜೀವಂತವಾಗಿ ಸಿಕ್ಕವರು ಅವರೊಬ್ಬರೇ. 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರದು 19ನೆಯ ಮದ್ರಾಸ್, ಸಾಧಾರಣ ಕಾಲಾಳು ಬಟಾಲಿಯನ್. ಅಲ್ಲಿ ಸಹನೆಯನ್ನು ಅಳೆಯಲು ಉಸ್ತಾದನಿರಲಿಲ್ಲ, ಸಾಕೆಂದು ಮರಳುವ ಬಾಗಿಲೂ ಇರಲಿಲ್ಲ.

ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನ, ಯೋಗದಲ್ಲಿ ತೊಡಗಿ ನಡುವೆ ಜಾರಿದವನು ಎರಡೂ ಕಡೆ ಸಲ್ಲದೆ ಹೋಗುವನೇ ಎಂದು ಕೇಳುತ್ತಾನೆ; ಒಳ್ಳೆಯದನ್ನು ಮಾಡಿದ ಯಾರಿಗೂ ದುರ್ಗತಿಯಿಲ್ಲ, ಹಿಂದಿನ ಸಾಧನೆ ಮುಂದಿನ ಜನ್ಮದಲ್ಲಿ ಅವನನ್ನು ಎಳೆದೊಯ್ಯುತ್ತದೆ ಎಂಬುದು ಕೃಷ್ಣನ ಉತ್ತರ. ಪ್ರೊಬೇಷನ್ನಿನಿಂದ ಮರಳಿದವನಿಗೆ ಈ ಉತ್ತರದ ಮೊದಲರ್ಧ ನೇರವಾಗಿ ಸಲ್ಲುತ್ತದೆ: ಕಾಲಾಳು ಬಟಾಲಿಯನ್‌ಗಳಲ್ಲಿ ಘಾತಕ್ ಎಂಬ, ದಾಳಿಗೆ ಮುಂದಾಗುವ ತುಕಡಿಯಿರುತ್ತದೆ, ಅದರವರನ್ನು ಬೆಳಗಾವಿಯ ಕಮಾಂಡೋ ಶಾಲೆಗೆ ಕಳುಹಿಸುತ್ತಾರೆ, ಮರಳಿದವನು ಕಲಿತದ್ದೆಲ್ಲ ಅಲ್ಲಿ ಕೆಲಸಕ್ಕೆ ಬರುತ್ತದೆ. ಎರಡನೆಯ ಅರ್ಧದ ಮಾತು ಬೇರೆ. ಸೈನಿಕನ ಮೊಣಕಾಲಿಗೂ ವಯಸ್ಸಿಗೂ ಮಿತಿಯಿದೆ, ಇನ್ನೊಂದು ಜನ್ಮದ ಭರವಸೆಯನ್ನು ಸೇನೆ ಕೊಡಲಾರದು. ಆದ್ದರಿಂದ ತಾನು ಬಯಸಿದ್ದು ಕೌಶಲವನ್ನೋ ಟೋಪಿಯನ್ನೋ ಎಂಬುದನ್ನು ಮರಳಿದವನು ಈ ಜನ್ಮದಲ್ಲೇ, ಹಳೆಯ ಯುನಿಟ್ಟಿನ ಮರುದಿನದ ಬೆಳಗಿನ ಪಿಟಿಗೆ ನಿಲ್ಲುವಾಗಲೇ, ತಿಳಿದುಕೊಳ್ಳಬೇಕಾಗುತ್ತದೆ, ಆಯ್ಕೆಯಾದವನಿಗೆ ಅದನ್ನು ತಿಳಿಯುವ ಸಂದರ್ಭ ಎಷ್ಟೋ ವರ್ಷ ಬಾರದಿರಬಹುದು.