ಬಣ್ಣದ ಕೆಳಗಿನ ಬಿರುಕು

ಸಿಡ್ನಿಯ ಪಶ್ಚಿಮದ ಬಡಾವಣೆಗಳಲ್ಲಿ ಹಳೆಯ ಮನೆ ಕೊಂಡ ನಮ್ಮವರಲ್ಲಿ ಹಲವರಿಗೆ ಮನೆಯ ಜೊತೆಗೆ ಹಿತ್ತಲಲ್ಲೊಂದು ಸ್ವಿಮ್ಮಿಂಗ್ ಪೂಲ್ ಕೂಡ ಬಂದಿರುತ್ತದೆ. 2005ರಲ್ಲಿ ನಾವು ಕೊಂಡ ಮನೆಯಲ್ಲೂ ಇತ್ತು. ಊರಿಗೆ ಫೋನ್ ಮಾಡಿ ಹೇಳಿದಾಗ ಹಿರಿಯರೊಬ್ಬರು "ಅಯ್ಯೋ, ಮನೆಯೊಳಗೇ ಕಲ್ಯಾಣಿ ಇದೆಯೇ!" ಎಂದು ಬೆರಗಾಗಿದ್ದರು. ಮಕ್ಕಳು ಅದರಲ್ಲೇ ಈಜು ಕಲಿತರು. ಈಗ ಅವರು ಬೇರೆ ಊರುಗಳಲ್ಲಿದ್ದಾರೆ. ಕ್ಲೋರಿನ್ ಹಾಕುವುದು, ಎಲೆ ತೆಗೆಯುವುದು ಮಾತ್ರ ನಮ್ಮ ಪಾಲಿಗೆ ಉಳಿಯಿತು. ಮನೆ ಮಾರಿ ರೈಲ್ವೆ ಸ್ಟೇಷನ್ ಹತ್ತಿರ ಒಂದು ಚಿಕ್ಕ ಯೂನಿಟ್‌ಗೆ ಹೋಗೋಣ ಎಂದು ಹೋದ ವರ್ಷ ತೀರ್ಮಾನಿಸಿದೆವು.

ಮಾರುವ ಸುದ್ದಿ ಹೊರಗೆ ಬರುವ ಮೊದಲೇ ಒಂದು ಕುಟುಂಬ ಆಸಕ್ತಿ ತೋರಿಸಿತು. ದೇವಸ್ಥಾನದಲ್ಲಿ ಪ್ರಸಾದ ಬಡಿಸುವಾಗ ಪರಿಚಯವಾದ ಎಳೆಯ ದಂಪತಿ, ಹಾಸನದ ಕಡೆಯವರು. ನಾಲ್ಕು ವರ್ಷದ ಮಗ, ಕೈಗೂಸು ಮಗಳು. ಮನೆ ನೋಡಲು ಬಂದಾಗ ಆ ಹುಡುಗ ಪೂಲಿನ ಬೇಲಿಗೆ ಮುಖ ಒತ್ತಿಕೊಂಡು ನಿಂತವನು ಕದಲಲೇ ಇಲ್ಲ.

ಆದರೆ ಪೂಲಿನ ಸ್ಥಿತಿ ಚೆನ್ನಾಗಿರಲಿಲ್ಲ. ಬಣ್ಣ ಅಲ್ಲಲ್ಲಿ ಸಿಪ್ಪೆ ಎದ್ದಿತ್ತು, ಗೋಡೆ ಮುಟ್ಟಿದರೆ ಕೈಗೆ ನೀಲಿ ಪುಡಿ ಹತ್ತುತ್ತಿತ್ತು. ನಾವು ಮಾತಾಡಿಸಿದ ಏಜೆಂಟರು "ಒಂದು ಹೊಸ ಕೋಟ್ ಬಳಿಸಿಬಿಡಿ, ಹೊಸದರಂತೆ ಕಾಣುತ್ತದೆ" ಎಂದರು. ಕಂಟ್ರಾಕ್ಟರರು ಕೇಳಿದ ಮೊತ್ತ ನಮಗೆ ಎದೆ ಝಲ್ಲೆನಿಸಿತು. ನಾವೇ ಮಾಡೋಣ ಎಂದುಕೊಂಡೆವು. ನಮ್ಮೂರಲ್ಲಾದರೆ ದೀಪಾವಳಿಗೆ ಸುಣ್ಣ ಬಳಿಯಲು ಆಳು ಕರೆಯುತ್ತಿದ್ದ ಮನೆತನ ನಮ್ಮದು. ಬ್ರಷ್ ಹಿಡಿದವರನ್ನು ಒಳಗೆ ಕೂರಿಸಿ ಕಾಫಿ ಕೊಟ್ಟದ್ದು ನೆನಪಿಲ್ಲ. ಐವತ್ತು ದಾಟಿದ ಮೇಲೆ ಅದೇ ಕೆಲಸಕ್ಕೆ ಹಳೆಯ ಪ್ಯಾಂಟು ಹಾಕಿಕೊಂಡು ಇಳಿಯುವಾಗ ಇದು ನೆನಪಾಗದೆ ಇರಲಿಲ್ಲ.

ಬಣ್ಣದ ಅಂಗಡಿಯವರು ಒಂದು ಮಾತು ಹೇಳಿದ್ದರು: ಖಾಲಿ ಮಾಡುವ ಮುಂಚೆ ಬಕೆಟ್ ಪರೀಕ್ಷೆ ಮಾಡಿ. ಬಹಳ ಸರಳವಾದ ಪರೀಕ್ಷೆ. ಪೂಲಿನ ಮೆಟ್ಟಿಲ ಮೇಲೆ ನೀರು ತುಂಬಿದ ಬಕೆಟ್ ಇಡುವುದು, ಬಕೆಟ್ಟಿನ ನೀರಿನ ಮಟ್ಟವನ್ನೂ ಪೂಲಿನ ಮಟ್ಟವನ್ನೂ ಗುರುತು ಹಾಕುವುದು. ಬಿಸಿಲಿಗೆ ಆರುವುದು ಎರಡರಲ್ಲೂ ಒಂದೇ. ಪೂಲು ಹೆಚ್ಚು ಇಳಿದರೆ ಎಲ್ಲೋ ಸೋರುತ್ತಿದೆ ಎಂದರ್ಥ. ನಾಲ್ಕು ದಿನದಲ್ಲಿ ನಮ್ಮ ಪೂಲು ಬಕೆಟ್ಟಿಗಿಂತ ಎರಡು ಸೆಂಟಿಮೀಟರ್ ಹೆಚ್ಚು ಇಳಿಯಿತು. 8 ಮೀಟರ್ ಉದ್ದ, 4 ಮೀಟರ್ ಅಗಲದ ಕೊಳದಲ್ಲಿ ಅದು ದಿನಕ್ಕೆ 160 ಲೀಟರ್. ನಮ್ಮ ಲೆಕ್ಕದಲ್ಲಿ ಹತ್ತು ಬಿಂದಿಗೆ.

2003ರಿಂದ 2009ರವರೆಗೆ ಸಿಡ್ನಿಯಲ್ಲಿ ನೀರಿಗೆ ಕಡ್ಡಾಯ ನಿರ್ಬಂಧವಿದ್ದದ್ದು ಹಳಬರಿಗೆ ನೆನಪಿರಬಹುದು. ಆಗ ನಾವು ಅಕ್ಕಿ ತೊಳೆದ ನೀರನ್ನು ಕರಿಬೇವಿನ ಗಿಡಕ್ಕೆ ಹಾಕುತ್ತಿದ್ದೆವು, ಹಾಗೆ ಮಾಡುತ್ತಿದ್ದೇವೆಂದು ಹೆಮ್ಮೆಯೂ ಇತ್ತು. ಪೂಲಿನ ನೀರು ಇಳಿದರೆ "ಮಕ್ಕಳು ಎರಚಾಡಿದ್ದು" ಎಂದು ಪೈಪು ಹಿಡಿದು ತುಂಬಿಸುತ್ತಿದ್ದೆವು. ಈ ಹತ್ತು ಬಿಂದಿಗೆ ಎಂದಿನಿಂದ ಭೂಮಿ ಸೇರುತ್ತಿತ್ತೋ, ಕೇಳಿಕೊಳ್ಳಲೇ ಇಲ್ಲ.

ಪೈಪಿನ ಜೋಡಣೆಯಲ್ಲಿ ಸೋರುತ್ತಿರಬೇಕು ಎಂದುಕೊಂಡು ಸೆಪ್ಟೆಂಬರಿನಲ್ಲಿ ಮಳೆಯಿಲ್ಲದ ವಾರ ನೋಡಿ ಪೂಲು ಖಾಲಿ ಮಾಡಿದೆವು. ಸುಮಾರು 48,000 ಲೀಟರ್. ಇದನ್ನು ಮಳೆನೀರಿನ ಚರಂಡಿಗೆ ಬಿಡಬಾರದು. ಅದು ನೇರವಾಗಿ ಹಳ್ಳ ಸೇರುತ್ತದೆ, ಕ್ಲೋರಿನ್ ಮೀನುಗಳಿಗೆ ವಿಷ. ಒಳಚರಂಡಿಗೇ ನಿಧಾನವಾಗಿ ಬಿಡಬೇಕು. ಇನ್ನೊಂದು ಅಪಾಯ ನಮಗೆ ಗೊತ್ತೇ ಇರಲಿಲ್ಲ. ಬರಿದಾದ ಕಾಂಕ್ರೀಟ್ ಕೊಳ ಮಣ್ಣಿನಲ್ಲಿ ಹೂತ ದೋಣಿಯಂತೆ. ಸುತ್ತಲ ನೆಲದಲ್ಲಿ ನೀರು ತುಂಬಿದ್ದರೆ ಅದು ಇಡೀ ಕೊಳವನ್ನೇ ಮೇಲೆತ್ತಬಲ್ಲದು. ಆ ಒತ್ತಡ ಬಿಡಲೆಂದೇ ತಳದಲ್ಲಿ ಒಂದು ವಾಲ್ವ್ ಇರುತ್ತದೆ. 2022ರ ದಾಖಲೆ ಮಳೆಯ ವರ್ಷದಲ್ಲಿ ಈ ಕೆಲಸಕ್ಕೆ ಕೈ ಹಾಕದಿದ್ದುದು ನಮ್ಮ ಪುಣ್ಯ.

ಬಣ್ಣ ಬಳಿಯುವುದು ಎರಡು ದಿನದ ಕೆಲಸ, ಬಣ್ಣಕ್ಕೆ ಅಣಿ ಮಾಡುವುದು ಎರಡು ವಾರದ್ದು. ಮೊದಲು ಹಳೆಯ ಬಣ್ಣ ಯಾವ ಜಾತಿಯದೆಂದು ತಿಳಿಯಬೇಕು. ಅಕ್ರಿಲಿಕ್, ಕ್ಲೋರಿನೇಟೆಡ್ ರಬ್ಬರ್, ಇಪಾಕ್ಸಿ ಎಂದು ಮುಖ್ಯವಾಗಿ ಮೂರು ಬಗೆ. ರಬ್ಬರ್ ಬಣ್ಣದ ಮೇಲೆ ಇಪಾಕ್ಸಿ ಬಳಿದರೆ ನಿಲ್ಲುವುದಿಲ್ಲ, ಎದ್ದುಬರುತ್ತದೆ. ಹಿಂದಿನವರು ಒಂದು ಚೀಟಿ ಬರೆದಿಟ್ಟಿದ್ದರೆ ಸಾಕಿತ್ತು, ಇಟ್ಟಿರಲಿಲ್ಲ. ಬಟ್ಟೆಗೆ ಸ್ಪಿರಿಟ್ ಹಚ್ಚಿ ಉಜ್ಜಿದೆವು, ಅಕ್ರಿಲಿಕ್ ಆಗಿದ್ದರೆ ಕರಗಬೇಕು. ಕರಗಲಿಲ್ಲ. ಕ್ಸೈಲೀನ್ ಹಚ್ಚಿ ಉಜ್ಜಿದೆವು, ರಬ್ಬರ್ ಆಗಿದ್ದರೆ ಮೆತ್ತಗಾಗಬೇಕು. ಆಗಲಿಲ್ಲ. ಹಾಗಾಗಿ ಇಪಾಕ್ಸಿ. ಆಮೇಲೆ ಕೆರೆಯುವುದು, ಉಜ್ಜುವುದು, ಜಿಡ್ಡು ತೊಳೆಯುವುದು, ಕಾಂಕ್ರೀಟ್ ಕಂಡ ಕಡೆ ತೆಳು ಮಾಡಿದ ಹೈಡ್ರೋಕ್ಲೋರಿಕ್ ಆಸಿಡ್ ಹಚ್ಚುವುದು. ಆಸಿಡ್ಡನ್ನು ನೀರಿಗೆ ಹಾಕಬೇಕು, ನೀರನ್ನು ಆಸಿಡ್ಡಿಗೆ ಎಂದೂ ಹಾಕಬಾರದು. ಅದರ ಹೊಗೆ ಕೊಳದ ತಳದಲ್ಲೇ ನಿಲ್ಲುತ್ತದಾದ್ದರಿಂದ ಒಬ್ಬರು ಮಾಸ್ಕ್ ಹಾಕಿಕೊಂಡು ಕೆಳಗೆ, ಇನ್ನೊಬ್ಬರು ಕಾವಲಿಗೆ ಮೇಲೆ.

ಕೆರೆಯುವಾಗಲೇ ಅದು ಸಿಕ್ಕಿತು. ಆಳದ ತುದಿಯಲ್ಲಿ ಗೋಡೆ ನೆಲಕ್ಕೆ ಸೇರುವ ಕಡೆ ಒಂದು ಪಟ್ಟಿಯಷ್ಟು ಬಣ್ಣ ಬೇರೆ ಕಡೆಗಿಂತ ದಪ್ಪವಾಗಿತ್ತು. ಸ್ಕ್ರೇಪರ್ ಒಳಗೆ ಹೋಯಿತು. ಬಬಲ್‌ಗಮ್ಮಿನಂತೆ ಮೆತ್ತಗಿನ ಸೀಲೆಂಟ್ ಎಳೆಯೆಳೆಯಾಗಿ ಹೊರಬಂತು. ಅದರ ಹಿಂದೆ ಒಂದು ಮೀಟರಿಗಿಂತ ಉದ್ದದ ಬಿರುಕು, ಒಂದು ಕಡೆ ಒಳಗಿನ ಕಬ್ಬಿಣದ ತುಕ್ಕು ಕಂದಾಗಿ ಇಳಿದಿತ್ತು. ಅದು ತಾನಾಗಿ ಮುಚ್ಚಿಕೊಂಡ ಬಿರುಕಲ್ಲ. ಯಾರೋ ನೋಡಿ, ಮೆತ್ತಿ, ಮೇಲೆ ನೀಲಿ ಬಳಿದು, ನೀರು ತುಂಬಿ, ನಮಗೆ ತೋರಿಸಿದ್ದರು. 2005ರ ಆ ಮಧ್ಯಾಹ್ನ ನೀರು ಹೇಗೆ ಫಳಫಳ ಹೊಳೆಯುತ್ತಿತ್ತು ಎಂಬುದು ನಮಗಿಬ್ಬರಿಗೂ ಚೆನ್ನಾಗಿ ನೆನಪಿದೆ. ಮೇಲೆ ಥಳುಕು ಒಳಗೆ ಹುಳುಕು ಎಂದು ಬೈದುಕೊಂಡೆವು.

ಆ ರಾತ್ರಿ ಊಟದ ಹೊತ್ತಿಗೆ ಮಾತು ಬೇರೆ ದಾರಿ ಹಿಡಿಯಿತು. ನಮ್ಮಿಬ್ಬರಲ್ಲಿ ಒಬ್ಬರು (ಯಾರೆಂದು ಹೇಳುವುದಿಲ್ಲ) "ನಾವೂ ಮೆತ್ತಿ ಬಳಿದರೆ ಏನಾಯಿತು? ಹತ್ತಿಪ್ಪತ್ತು ವರ್ಷ ನಮಗೆ ನಡೆದಿದೆ, ಅವರಿಗೂ ನಡೆಯುತ್ತದೆ" ಎಂದರು. ಇನ್ನೊಬ್ಬರು ಥಟ್ಟನೆ ಬೇಡ ಎನ್ನಲಿಲ್ಲ. ಬೆಲೆಯಲ್ಲಿ ಎಷ್ಟು ಸಾವಿರ ಕಡಿಮೆಯಾಗಬಹುದು, ಯೂನಿಟ್ಟಿನ ಮುಂಗಡಕ್ಕೆ ಎಷ್ಟು ಬೇಕು ಎಂಬ ಲೆಕ್ಕ ಇಬ್ಬರ ತಲೆಯಲ್ಲೂ ಓಡುತ್ತಿತ್ತು. ಕಾನೂನೂ ನಮ್ಮನ್ನು ಹಿಡಿದು ಕೇಳುವಂತೆ ಕಾಣಲಿಲ್ಲ. ನ್ಯೂ ಸೌತ್ ವೇಲ್ಸ್‌ನಲ್ಲಿ 2016ರ ಏಪ್ರಿಲ್‌ನಿಂದ ಪೂಲಿರುವ ಮನೆ ಮಾರುವಾಗ ಅದರ ಬೇಲಿ ನಿಯಮಕ್ಕೆ ಸರಿಯಿದೆಯೋ ಇಲ್ಲವೋ ಎಂಬ ಪ್ರಮಾಣಪತ್ರ ಲಗತ್ತಿಸಬೇಕು. ಮಕ್ಕಳ ಜೀವದ ಪ್ರಶ್ನೆ, ಒಳ್ಳೆಯ ಕಾನೂನು. ಆದರೆ ಅದು ನೋಡುವುದು ಬೇಲಿಯನ್ನು, ಬಣ್ಣದ ಕೆಳಗಿನದನ್ನಲ್ಲ. ತಪಾಸಣೆಗೆ ಬರುವವರೂ ಸಾಮಾನ್ಯವಾಗಿ ನೀರಿಗಿಳಿದು ನೋಡುವುದಿಲ್ಲ.

ಬಣ್ಣ ಬಳಿಯುವುದೇ ಮೋಸವೇ? ಹಾಗೇನಿಲ್ಲ. ಹಬ್ಬಕ್ಕೆ ಸುಣ್ಣ ಹೊಡೆಯುತ್ತೇವೆ, ಹೆಣ್ಣು ನೋಡಲು ಬರುವ ದಿನ ಹೊಸ ಪರದೆ ಕಟ್ಟುತ್ತೇವೆ. ಇರುವುದನ್ನು ಚೆನ್ನಾಗಿ ತೋರಿಸುವುದು ಲೋಕರೂಢಿ. ಇರುವುದನ್ನು ಇಲ್ಲವೆಂಬಂತೆ ತೋರಿಸುವುದು ಬೇರೆ. ಎರಡರ ನಡುವಿನ ಗೆರೆ ಒಂದು ಬ್ರಷ್ಷಿನ ಅಗಲದಷ್ಟೇ ಇರಬಹುದು, ಆದರೆ ಬ್ರಷ್ ಹಿಡಿದವರಿಗೆ ಅದು ಎಲ್ಲಿದೆ ಎಂದು ಗೊತ್ತಿರುತ್ತದೆ. ಕಂಟ್ರಾಕ್ಟರರಿಗೆ ವಹಿಸಿದ್ದರೆ ನಾವು ಬಿರುಕು ನೋಡುತ್ತಲೇ ಇರಲಿಲ್ಲವೇನೋ. ಮಾರಿ, ಕೈ ಮುಗಿದು, ನೆಮ್ಮದಿಯಾಗಿ ಹೋಗುತ್ತಿದ್ದೆವು. ಸ್ವಂತ ಕೈಯಿಂದ ಕೆಲಸ ಮಾಡಿದ್ದರ ನಷ್ಟ ಇದು: ಗೊತ್ತಿರಲಿಲ್ಲ ಎನ್ನುವ ಅನುಕೂಲ ತಪ್ಪಿತು.

"ಅವರು ಕೇಳಿದರೆ ಹೇಳೋಣ, ಸುಳ್ಳಂತೂ ಹೇಳುವುದು ಬೇಡ" ಎಂಬ ನಡುದಾರಿಯೂ ಬಂತು. ಧರ್ಮರಾಯನೂ ಸುಳ್ಳು ಹೇಳಲಿಲ್ಲ, ಆನೆ ಎಂಬುದನ್ನು ಮೆಲ್ಲಗೆ ಹೇಳಿದ ಅಷ್ಟೆ. ನೆಲದಿಂದ ನಾಲ್ಕಂಗುಲ ಮೇಲೆ ಓಡುತ್ತಿದ್ದ ಅವನ ರಥ ಅಂದಿನಿಂದ ನೆಲ ಮುಟ್ಟಿತು. ಅವನಿಗೆ ಯುದ್ಧದ ಒತ್ತಡವಿತ್ತು. ನಮಗಿದ್ದುದು ಯೂನಿಟ್ಟಿನ ಮುಂಗಡ.

ನಮ್ಮನ್ನು ಹೆಚ್ಚು ಕಾಡಿದ ಪ್ರಶ್ನೆ ಇನ್ನೊಂದು. ಕೊಳ್ಳುವವರು ಆ ಹಾಸನದ ಹುಡುಗರಾದ್ದರಿಂದ ಹೇಳಬೇಕೆನಿಸುತ್ತಿದೆಯೇ? ಭಾನುವಾರ ದೇವಸ್ಥಾನದಲ್ಲಿ ಮುಖ ನೋಡಬೇಕಲ್ಲ ಎಂಬ ಅಂಜಿಕೆಯೇ? ನಮ್ಮ ಭಾಷೆಯವರಲ್ಲದ ಯಾರೋ ಕೊಂಡಿದ್ದರೆ ಮೆತ್ತಿ ಮುಗಿಸುತ್ತಿದ್ದೆವೇ? ಇದಕ್ಕೆ ನಾವು ಕೊಟ್ಟುಕೊಂಡ ಉತ್ತರ ನಮಗೇ ಹಿಡಿಸಲಿಲ್ಲ. ಪ್ರಾಯಶಃ ಹೌದು. ನಮ್ಮವರಿಗೆ ಒಂದು ತಕ್ಕಡಿ, ಹೊರಗಿನವರಿಗೆ ಒಂದು ತಕ್ಕಡಿ ಇಟ್ಟುಕೊಳ್ಳುವುದು ಪರದೇಶದಲ್ಲಿ ಬಹಳ ಸುಲಭ. ಅದನ್ನು ಜಾಣತನ ಎಂದು ಕರೆದು ಊಟದ ಮೇಜಿನಲ್ಲಿ ನಗುವುದನ್ನೂ ನಾವು ಮಾಡಿದ್ದೇವೆ.

ಮಹಾಭಾರತದ ಶಾಂತಿಪರ್ವದಲ್ಲಿ ಜಾಜಲಿ ಎಂಬ ಋಷಿಯ ಕಥೆ ಬರುತ್ತದೆ. ತಲೆಯ ಜಟೆಯಲ್ಲಿ ಹಕ್ಕಿಗಳು ಗೂಡು ಕಟ್ಟಿ ಮರಿ ಮಾಡಿ ಹಾರಿಹೋಗುವವರೆಗೆ ಅಲುಗಾಡದೆ ನಿಂತವನು. ನನ್ನಂಥ ಧರ್ಮಿಷ್ಠನಿಲ್ಲ ಎಂದುಕೊಂಡಾಗ ಕಾಶಿಯ ತುಲಾಧಾರನಿಗೆ ನೀನು ಸಮನಲ್ಲ ಎಂಬ ಮಾತು ಕೇಳಿಸಿತು. ಹುಡುಕಿಕೊಂಡು ಹೋದರೆ ಆತ ಅಂಗಡಿಯಲ್ಲಿ ಕೂತು ಸಾಮಾನು ಮಾರುವ ವ್ಯಾಪಾರಿ. ಅವನ ಧರ್ಮವೆಂದರೆ ಎಲ್ಲರಿಗೂ ಒಂದೇ ತಕ್ಕಡಿ, ಮಾರುವ ವಸ್ತುವಿನಲ್ಲಿ ಕಪಟವಿಲ್ಲದಿರುವುದು. ಈ ಕಥೆಯನ್ನು ಮಕ್ಕಳಿಗೆ ನಾವೇ ಹೇಳಿದ್ದೆವು, ಅದೂ ಆ ಪೂಲಿನ ಕಟ್ಟೆಯ ಮೇಲೆ ಕೂತು.

ಬಿರುಕನ್ನು ನೋಡಲು ಒಬ್ಬ ಅನುಭವಿ ಕೆಲಸಗಾರರನ್ನು ಕರೆಸಿದೆವು. ಈ ಭಾಗದ ಜೇಡಿಮಣ್ಣು ಒದ್ದೆಯಾದಾಗ ಉಬ್ಬಿ ಒಣಗಿದಾಗ ಕುಗ್ಗುತ್ತದೆ, ಅದರಿಂದಲೇ ಬಿಟ್ಟಿರಬಹುದು ಎಂದರು. ಅವರು ಬಿರುಕನ್ನು ಕೊರೆದು ಅಗಲ ಮಾಡಿ, ತುಕ್ಕು ತೆಗೆದು, ನೀರಿನಲ್ಲೂ ಗಟ್ಟಿಯಾಗುವ ಸಿಮೆಂಟು ತುಂಬಿದರು. "ಮಣ್ಣು ಮತ್ತೆ ಅಲುಗಿದರೆ ಮತ್ತೆ ಬಿಡಬಹುದು, ಖಾತ್ರಿ ಕೊಡಲಾರೆ" ಎಂದರು. ಹೀಗೆ ನೆಟ್ಟಗೆ ಹೇಳಿದ್ದಕ್ಕೆ ಅವರನ್ನು ಒಳಗೆ ಕರೆದು ಫಿಲ್ಟರ್ ಕಾಫಿ ಕೊಟ್ಟೆವು.

ಒಣಗಲು ಬಿಟ್ಟು, ರಾತ್ರಿಯಿಡೀ ಪ್ಲಾಸ್ಟಿಕ್ ಹಾಳೆ ಅಂಟಿಸಿಟ್ಟು, ಬೆಳಿಗ್ಗೆ ಅದರಡಿ ಹನಿ ಕಟ್ಟಿಲ್ಲವೆಂದು ಖಚಿತ ಮಾಡಿಕೊಂಡು, ಎರಡು ಕೋಟ್ ಬಳಿದೆವು. 68 ಚದರ ಮೀಟರ್ ಗೋಡೆ, ನೆಲ. ಬೆನ್ನು ಎಷ್ಟು ನೋಯಿತೆಂದು ಬರೆದರೆ ಯಾರೂ ಈ ಕೆಲಸಕ್ಕೆ ಇಳಿಯುವುದಿಲ್ಲ. ಒಂದು ವಾರ ಬಿಟ್ಟು ನೀರು ತುಂಬಿ ಮತ್ತೆ ಬಕೆಟ್ ಇಟ್ಟೆವು. ನಾಲ್ಕು ದಿನಕ್ಕೆ ಎರಡೂ ಗುರುತುಗಳು ಸಮವಾಗಿ ಇಳಿದವು. ಈಗಂತೂ ಸೋರುವುದಿಲ್ಲ. ಹಾಗಾದರೆ ಹೇಳುವುದೇನಿದೆ ಎಂಬ ಮಾತು ಮತ್ತೊಮ್ಮೆ ಎದ್ದಿತು. ಅದನ್ನು ಹೆಚ್ಚು ಹೊತ್ತು ಎಳೆಯಲಿಲ್ಲ.

ಆ ಭಾನುವಾರ ಅವರನ್ನು ಊಟಕ್ಕೆ ಕರೆದು ಬಿರುಕಿನ ಫೋಟೋಗಳನ್ನು ಮೇಜಿನ ಮೇಲಿಟ್ಟೆವು. ಅವರು ಬಹಳ ಹೊತ್ತು ನೋಡಿದರು. "ಯೋಚನೆ ಮಾಡಿ ಹೇಳ್ತೀವಿ ಆಂಟಿ" ಎಂದು ಆಕೆ ಹೇಳಿದ ರೀತಿಯಲ್ಲೇ ನಮಗೆ ತಿಳಿಯಿತು. ಎರಡು ವಾರದ ನಂತರ ಅವರು ಬೇರೆ ಕಡೆ, ಪೂಲಿಲ್ಲದ ಮನೆ ಕೊಂಡರು. ನಮಗೆ ಬೇಸರವಾಗಲಿಲ್ಲ ಎಂದರೆ ಅದೂ ಒಂದು ಬಣ್ಣವೇ. ದೇವಸ್ಥಾನದಲ್ಲಿ ಸಿಕ್ಕಾಗ ಎರಡೂ ಕಡೆ ಸ್ವಲ್ಪ ಮುಜುಗರ ಇನ್ನೂ ಇದೆ.

ಮನೆ ಈಗ ಮಾರಾಟಕ್ಕಿದೆ. ನೋಡಲು ಬರುವವರು ನಮಗೆ ಗುರುತಿಲ್ಲದವರು. ಅಡುಗೆಮನೆಯ ಡ್ರಾಯರಿನಲ್ಲಿ ಫೋಟೋಗಳ ಕವರ್ ಇದೆ, ಅದರ ಮೇಲೆ ಒಂದು ಚೀಟಿ ಅಂಟಿಸಿದ್ದೇವೆ: ಬಿರುಕು ಎಲ್ಲಿ, ಎಷ್ಟು ಉದ್ದ, ಯಾವಾಗ ತುಂಬಿದ್ದು, ಬಣ್ಣ ಇಪಾಕ್ಸಿ, ಎರಡು ಕೋಟ್.