ಹಳೆಯ ಬ್ಯೂಗಲ್ ಯಾರ ಸೊತ್ತು?



ಊದಲು ಒಬ್ಬನಿಗೆ ಒಂದು ಕಹಳೆ ಸಾಕು. ಆದರೂ ಅಮೆರಿಕದಲ್ಲಿ ಹತ್ತು ಇಪ್ಪತ್ತು ಹಳೆಯ ಬ್ಯೂಗಲ್‌ಗಳನ್ನು ಹುಡುಕಿ ಕೊಂಡು, ತೊಳೆದು ಉಜ್ಜಿ, ನುಡಿಸುವ ಜನರಿದ್ದಾರೆ. ಇದು ಲೋಭವೋ, ಪ್ರೀತಿಯೋ? ದೂರದ ದೇಶದ ಹವ್ಯಾಸ ನಮಗೇಕೆ ಎಂದು ನೀವು ಕೇಳಬಹುದು. ಈ ಬ್ಯೂಗಲ್‌ಗಳಲ್ಲಿ ಎಷ್ಟೋ ಮೊದಲು ಸದ್ದು ಮಾಡಿದ್ದು ನಮ್ಮ ಧರ್ಮಸಭೆಯ ಅಂಗಳದಲ್ಲೇ. ಆದ್ದರಿಂದ ಸ್ವಲ್ಪ ಕೂಡಿ ಯೋಚಿಸೋಣ.

ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, ಮರಳಿ ಬಂದ ಸೈನಿಕರ ಸಂಘಗಳು ಅಲ್ಲಿ ಡ್ರಮ್ ಮತ್ತು ಬ್ಯೂಗಲ್ ತಂಡಗಳನ್ನು ಕಟ್ಟಿದವು. ಧರ್ಮಕೇಂದ್ರಗಳೂ ಹಿಂದೆ ಬೀಳಲಿಲ್ಲ. 1930ರಲ್ಲಿ ಷಿಕಾಗೊ ನಗರದಲ್ಲಿ ಸಹಾಯಕ ಧರ್ಮಾಧ್ಯಕ್ಷ ಬರ್ನಾರ್ಡ್ ಶೀಲ್ ಅವರು ಕ್ಯಾಥೋಲಿಕ್ ಯುವಜನ ಸಂಘಟನೆಯನ್ನು ಆರಂಭಿಸಿದರು. 1934ರಲ್ಲಿ ನ್ಯೂಜೆರ್ಸಿಯ ಗಾರ್ಫೀಲ್ಡ್ ಪಟ್ಟಣದಲ್ಲಿ ಹೋಲಿ ನೇಮ್ ಕೆಡೆಟ್ಸ್ ತಂಡ ಹುಟ್ಟಿತು. ಬೇಯೋನ್‌ನಲ್ಲಿ ಸೇಂಟ್ ವಿನ್ಸೆಂಟ್ಸ್ ಕೆಡೆಟ್ಸ್, ನ್ಯೂಆರ್ಕ್‌ನಲ್ಲಿ ಬ್ಲೆಸ್ಡ್ ಸ್ಯಾಕ್ರಮೆಂಟ್ ಗೋಲ್ಡನ್ ನೈಟ್ಸ್ ಇದ್ದವು. ಹೆಸರು ಕೇಳಿದರೇ ತಿಳಿಯುತ್ತದೆ, ಅವು ಯಾರ ಮಕ್ಕಳ ತಂಡಗಳೆಂದು.

ಬ್ಯೂಗಲ್ ಬಡ ವಾದ್ಯ. ಬರೀ ಹಿತ್ತಾಳೆಯ ಕೊಳವೆ. ಉಸಿರು ಮತ್ತು ತುಟಿ ಬಿಟ್ಟರೆ ಅದಕ್ಕೆ ಬೇರೆ ಆಸರೆಯಿಲ್ಲ. ಕೊಳವೆ ತಾನಾಗಿ ಕೊಡುವ ಕೆಲವೇ ಸ್ವರಗಳಲ್ಲಿ ಎಲ್ಲವನ್ನೂ ಹೇಳಬೇಕು. ಅಮೆರಿಕದ ಸೈನಿಕರ ಸಮಾಧಿಯ ಬಳಿ ಊದುವ, 1862ರಲ್ಲಿ ರೂಪುಗೊಂಡ 'ಟ್ಯಾಪ್ಸ್' ಎಂಬ ಕರೆಯನ್ನು ನೋಡಿ: ಇಪ್ಪತ್ತನಾಲ್ಕು ಸ್ವರಗಳ ಉದ್ದ, ಆದರೆ ಬೇರೆ ಬೇರೆ ಸ್ವರಗಳು ನಾಲ್ಕೇ. ಈ ತಂಡಗಳ ಬ್ಯೂಗಲ್ 'ಜಿ' ಶ್ರುತಿಯದು. ಮೊದಲು ವಾಲ್ವ್ ಇರಲಿಲ್ಲ. ಆಮೇಲೆ ಹೆಬ್ಬೆರಳಿನಿಂದ ಒತ್ತುವ ಒಂದು ಅಡ್ಡ ಪಿಸ್ಟನ್ ಬಂತು, ಅದರ ಜೊತೆಗೆ ರೋಟರ್ ಬಂತು, 1970ರ ದಶಕದ ಕೊನೆಗೆ ನೆಟ್ಟಗೆ ನಿಂತ ಎರಡು ಪಿಸ್ಟನ್‌ಗಳು ಬಂದವು. ಒಂದೇ ಪಿಸ್ಟನ್ ಇದ್ದ ಕಾಲದಲ್ಲಿ ಕೆಲವು ಸ್ವರಗಳು ವಾದ್ಯದಲ್ಲಿ ಇರಲೇ ಇಲ್ಲ. ರಾಗ ಹೊಂದಿಸುವವನು ಇಲ್ಲದ ಸ್ವರವನ್ನು ಸುತ್ತಿ ಬಳಸಿ ಸಾಗಬೇಕಿತ್ತು. ಅಂಥ ಕೊರತೆಯಲ್ಲಿ ದುಡಿದವರ ಜಾಣ್ಮೆಯನ್ನು ನೆನೆದರೆ ನನಗೆ ಬಡ ಮನೆಯ ತಾಯಂದಿರ ಅಡುಗೆ ನೆನಪಾಗುತ್ತದೆ.

1990ರಲ್ಲಿ ಮೂರನೆಯ ವಾಲ್ವ್‌ಗೆ ಅನುಮತಿ ಸಿಕ್ಕಿತು. 2000ದಲ್ಲಿ ಯಾವ ಶ್ರುತಿಯ ಹಿತ್ತಾಳೆ ವಾದ್ಯವಾದರೂ ಆಗಬಹುದೆಂಬ ನಿಯಮ ಬಂತು. ಅಲ್ಲಿಗೆ ಹಳೆಯ ಬ್ಯೂಗಲ್‌ಗಳು ಮೂಲೆ ಸೇರಿದವು, ಮಾರಾಟಕ್ಕೂ ಬಂದವು. ಅವುಗಳನ್ನು ತಯಾರಿಸಿದ ಓಲ್ಡ್ಸ್ ಕಾರ್ಖಾನೆ 1979ರಲ್ಲೇ ಮುಚ್ಚಿತ್ತು, ಕಾನ್‌ಸ್ಟುಲ್ 2019ರಲ್ಲಿ ಮುಚ್ಚಿತು. ಆದ್ದರಿಂದ ಇಂದು ಒಂದನ್ನು ಬದುಕಿಸಬೇಕಾದರೆ ಸತ್ತುಹೋದ ಇನ್ನೊಂದರ ಬಿಡಿಭಾಗ ಬೇಕು. ಇಪ್ಪತ್ತು ಬ್ಯೂಗಲ್ ಇಟ್ಟುಕೊಂಡವನನ್ನು ನೋಡಿ ನಗುವ ಮೊದಲು ಇದನ್ನು ಗಮನಿಸಬೇಕು.

ತುಕ್ಕು ಹಿಡಿಯುವ ಸಂಪತ್ತನ್ನು ಕೂಡಿಡಬೇಡಿ ಎಂದು ಪ್ರಭು ಯೇಸು ಎಚ್ಚರಿಸಿದ್ದಾರಲ್ಲ ಎಂದು ನೀವು ಹೇಳುವಿರಿ. ನಿಜ. ಆದರೆ ಸಂತ ತೋಮಸ್ ಅಕ್ವಿನಾಸರು ಲೋಭವನ್ನು ಎಣಿಕೆಯಿಂದ ಅಳೆಯಲಿಲ್ಲ. ಹೊಂದುವ ಆಸೆ ಮಿತಿ ಮೀರಿದಾಗ ಅದು ಲೋಭ. ಆ ಮಿತಿಯನ್ನು ತಿಳಿಯುವುದು ವಸ್ತು ಇರುವುದು ಯಾವುದಕ್ಕಾಗಿ ಎಂಬುದರಿಂದ. ಸಂತ ಅಗಸ್ಟೀನರಂತೂ ವಸ್ತುಗಳನ್ನು ಬಳಸುವುದು ಬೇರೆ, ಅವುಗಳಲ್ಲೇ ನೆಲೆಸಿ ಸುಖಿಸುವುದು ಬೇರೆ ಎಂದು ಕಲಿಸಿದರು. ಊರಿಗೆ ಹೊರಟವನು ಗಾಡಿಯ ಅಂದಕ್ಕೆ ಮರುಳಾಗಿ ಊರನ್ನೇ ಮರೆತರೆ ಹೇಗೆ?

ಬ್ಯೂಗಲ್ ಇರುವುದು ಊದುವುದಕ್ಕೆ. ಹಾಗಾದರೆ ಗಾಜಿನ ಪೆಟ್ಟಿಗೆಯಲ್ಲಿಟ್ಟವನು ತಪ್ಪಿತಸ್ಥನೇ? ಇಲ್ಲಿ ಅವಸರದ ತೀರ್ಪು ಬೇಡ. ನುಡಿಸಿದಂತೆ ಪಿಸ್ಟನ್ ಸವೆಯುತ್ತದೆ, ಕೈಬೆವರು ಮೇಲಿನ ಹೊಳಪನ್ನು ತಿನ್ನುತ್ತದೆ. ಅಪರೂಪದ ಒಂದನ್ನು ನುಡಿಸದೆ ಕಾಪಾಡುವುದೂ ಮುಂದಿನವರಿಗೆ ಮಾಡುವ ಸೇವೆಯೇ. ಆದರೆ ನುಡಿಸದೆ, ಯಾರಿಗೂ ತೋರಿಸದೆ, ಬೆಲೆ ಏರಲೆಂದು ಕಾಯುತ್ತಾ ಕುಳಿತವನು ತಲಾಂತನ್ನು ಮಣ್ಣಿನಲ್ಲಿ ಹೂತ ಆಳಿನ ಹತ್ತಿರದ ನೆಂಟ ಎಂದೇ ನನ್ನ ಅಭಿಪ್ರಾಯ.

ಇದಕ್ಕಿಂತ ಕಠಿಣವಾದ ಪ್ರಶ್ನೆ ಒಡೆತನದ್ದು. ಧರ್ಮಕೇಂದ್ರದ ಮಕ್ಕಳಿಗಾಗಿ ಬಂದ ವಾದ್ಯ ಕೈಯಿಂದ ಕೈಗೆ ಸಾಗಿ ಅಪರಿಚಿತನ ಮನೆ ಸೇರಿದೆ. ಹಣ ಕೊಟ್ಟು ಕೊಂಡಿದ್ದಾನೆ. ಕಾನೂನಿನ ಪ್ರಕಾರ ಅದು ಅವನದೇ. ಆದರೆ ಖಾಸಗಿ ಸೊತ್ತಿನ ಮೇಲೂ ಸಮಾಜದ ಋಣವೊಂದು ಇದೆ ಎಂದು ಎರಡನೆಯ ಜಾನ್ ಪಾಲ್ ಜಗದ್ಗುರುಗಳು 1987ರ ವಿಶ್ವಪತ್ರದಲ್ಲಿ ನೆನಪಿಸಿದರು. ಹಳೆಯ ಸದಸ್ಯರ ತಂಡಗಳು ಇದೇ 'ಜಿ' ಬ್ಯೂಗಲ್ ಹಿಡಿದು ಮತ್ತೆ ನುಡಿಸಿದ್ದುಂಟು. ಅಂಥವರಿಗೆ ತನ್ನಲ್ಲಿರುವ ಒಂದನ್ನು ಎರವಲು ಕೊಡುವವನು ಆ ಋಣವನ್ನು ಬಲ್ಲವನು.

ಇನ್ನೊಂದು ಮಾತು, ಹೇಳಲು ಹಿತವಲ್ಲ, ಆದರೂ ಹೇಳಬೇಕು. ಗಾರ್ಫೀಲ್ಡ್‌ನಲ್ಲಿ ಹುಟ್ಟಿದ ಆ ಕೆಡೆಟ್ಸ್ ತಂಡ ಮುಂದೆ ಧರ್ಮಕೇಂದ್ರದಿಂದ ಬೇರೆಯಾಯಿತು, ದೇಶದಲ್ಲೇ ಹೆಸರಾಯಿತು. ತೊಂಬತ್ತು ವರ್ಷಗಳ ಬಳಿಕ, 2024ರಲ್ಲಿ, ಅದು ಮುಚ್ಚಿತು. ದಶಕಗಳ ಹಿಂದೆ ಲೈಂಗಿಕ ದೌರ್ಜನ್ಯಕ್ಕೆ ಒಳಗಾದೆನೆಂದು ಹಿಂದಿನ ಸದಸ್ಯರೊಬ್ಬರು ಹೂಡಿದ ದಾವೆಯ ಭಾರವನ್ನು ಅದು ಹೊರಲಾರದೆ ಹೋಯಿತು. ಆ ತಂಡದ ಬ್ಯೂಗಲ್ ಈಗ ಒಬ್ಬರ ಕಪಾಟಿನಲ್ಲಿದೆ ಎಂದುಕೊಳ್ಳಿ. ಏನು ಮಾಡಬೇಕು? ಹಿತ್ತಾಳೆ ಪಾಪ ಮಾಡಿಲ್ಲ, ಕರಗಿಸಬೇಕಾಗಿಲ್ಲ. ಆದರೆ ಅದನ್ನು ಊದಿ "ಆಹಾ, ಆ ದಿನಗಳೇ ಚಿನ್ನ" ಎನ್ನುವಾಗ, ಅದೇ ಅಂಗಳದಲ್ಲಿ ನೋವುಂಡವರ ದನಿ ಮತ್ತೊಮ್ಮೆ ಅಡಗಿಹೋಗಬಹುದು. ಧರ್ಮಸಭೆಯ ಮಕ್ಕಳಾದ ನಾವು ಈ ವಿಷಯದಲ್ಲಿ ಬೇರೆಯವರ ಕಡೆಗೆ ಬೆರಳು ತೋರಿಸುವಂತಿಲ್ಲ. ಸಂಖ್ಯಾಕಾಂಡದ ಹತ್ತನೆಯ ಅಧ್ಯಾಯದಲ್ಲಿ ಸರ್ವೇಶ್ವರ ಮೋಶೆಯಿಂದ ಮಾಡಿಸಿದ ಬೆಳ್ಳಿಯ ತುತ್ತೂರಿಗಳು ಹಬ್ಬದಲ್ಲಿ ಮಾತ್ರವಲ್ಲ, ಶತ್ರು ಹಿಂಸಿಸುವಾಗಲೂ ಮೊಳಗಬೇಕಿತ್ತು.

ಹಳೆಯ ಬ್ಯೂಗಲ್ ಕೊಳ್ಳುವವರು ಅದರ ಮೇಲಿನ ಗುರುತು ನೋಡಿ, ಯಾವ ವರ್ಷ ಯಾವ ತಂಡ ಎಂದು ಪತ್ತೆಹಚ್ಚಿ, ನುಡಿಸಿದವರ ಹೆಸರುಗಳನ್ನೂ ಕಲೆಹಾಕುವುದುಂಟು. ಆ ಪಟ್ಟಿಯಲ್ಲಿ ಪದಕ ಗೆದ್ದವರ ಜೊತೆಗೆ ಅರ್ಧದಲ್ಲೇ ತಂಡ ಬಿಟ್ಟುಹೋದ ಹುಡುಗರ ಹೆಸರುಗಳೂ ಇರಲಿ. ಅವರು ಏಕೆ ಬಿಟ್ಟರೆಂದು ಬಹುಶಃ ಯಾರೂ ಕೇಳಿರಲಿಕ್ಕಿಲ್ಲ.