ಕೊನೆಯ ಎಲೆ

ಬೆಂಗಳೂರಿಗೆ 4ಜಿ ಬಂದದ್ದು 2012ರಲ್ಲಿ, 5ಜಿ 2022ರಲ್ಲಿ. ಮಲೆನಾಡಿನ ಎಷ್ಟೋ ಹಳ್ಳಿಗಳಿಗೆ ಆಸರೆಯಾಗಿದ್ದದ್ದು ಬಿಎಸ್‌ಎನ್‌ಎಲ್ ಒಂದೇ. ಅದರ 4ಜಿ ದೇಶದಾದ್ಯಂತ ಉದ್ಘಾಟನೆಯಾದದ್ದು 2025ರ ಸೆಪ್ಟೆಂಬರಿನಲ್ಲಿ. ನಡುವೆ, 2020ರಲ್ಲಿ ಶಾಲೆ ಮುಚ್ಚಿದಾಗ, ಅಲ್ಲಿಯ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಬೇಕಾಯಿತು. ಅಂದು ತಪ್ಪಿದ ಪಾಠವನ್ನು ಇಂದಿನ ಟವರ್ ತಂದುಕೊಡಲಾರದು.

ಜನ ಕಡಿಮೆ, ಗುಡ್ಡಗಾಡು, ಖರ್ಚು ಗಿಟ್ಟುವುದಿಲ್ಲ ಎಂಬ ಲೆಕ್ಕ ನನಗೂ ಅರ್ಥವಾಗುತ್ತದೆ. ಪಂಕ್ತಿಯಲ್ಲಿ ಯಾರಾದರೂ ಕೊನೆಗೆ ಕೂರಲೇಬೇಕಲ್ಲ! ಆದರೆ ಸಾರಿಗೂ ಪಾಯಸಕ್ಕೂ ಒಂದೇ ತುದಿಯಿಂದ ಬಡಿಸುತ್ತ ಬಂದು, ಕೊನೆಯ ಎಲೆಯವರ ತಾಳ್ಮೆಯನ್ನು ಹೊಗಳುವುದು ನ್ಯಾಯವೇ? ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುವ ನಮಗೆ ಆ ಹೊಗಳಿಕೆಯ ರುಚಿ ಗೊತ್ತು. ಮುಂದಿನ ಸಲ ಆ ತುದಿಯಿಂದಲೇ ಬಡಿಸಲು ಶುರು ಮಾಡಿದರೆ ಯಾರ ಊಟ ಕೆಟ್ಟೀತು?